ಬಾದಾಮಿಯಿಂದ ಶೇಷಾದ್ರಿಪುರಕ್ಕೆ



ಬೆಂಗಳೂರಿನ ಮಲ್ಲೇಶ್ವರದಿಂದ ಮೆಜೆಸ್ಟಿಕ್ ಕಡೆಗೆ ಹೊರಟರೆ ನಡುವೆ ಶೇಷಾದ್ರಿಪುರ ಸಿಗುತ್ತದೆ. ಅಲ್ಲಿನ ಕೆನ್ ಕಲಾಶಾಲೆಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಅದನ್ನು ಕಟ್ಟಿದ ಆರ್.ಎಂ. ಹಡಪದ್ ಅವರ ಬಗ್ಗೆ ಇವತ್ತು ನಾಲ್ಕು ಮಾತು.

ಹಡಪದ್ ಹುಟ್ಟಿದ್ದು 1936ರಲ್ಲಿ, ಬಾದಾಮಿಯಲ್ಲಿ. ಎತ್ತ ನೋಡಿದರೂ ಕೆಂಪು ಬಂಡೆಯ ಊರು. ಅಲ್ಲಿನ ಮೂರನೇ ಗುಹೆ ಚಾಲುಕ್ಯ ಮಂಗಲೇಶ ಕೊರೆಸಿದ್ದು, 578ನೇ ಇಸವಿಯದು. ಅದರ ಸೂರಿನಂಚಿಗೆ ಅಂದು ಬಳಿದ ಬಣ್ಣದ ಚಿತ್ರಗಳು ಮಾಸಿ ಮಾಸಿಯೂ ಅಷ್ಟಿಷ್ಟು ಉಳಿದಿವೆ.

ಹಡಪದ್ ಶಾಲೆ ಕಟ್ಟುವ ಹೊತ್ತಿಗೆ ಬೆಂಗಳೂರಿಗೆ ಕಲಾಶಾಲೆ ಹೊಸದಾಗಿರಲಿಲ್ಲ. ಎ.ಎನ್. ಸುಬ್ಬರಾಯರು 1919ರಲ್ಲೇ ಕಲಾಮಂದಿರ ತೆರೆದಿದ್ದರು.  ಅರವತ್ತರ ದಶಕದಲ್ಲಿ ಎಂ.ಎಸ್. ನಂಜುಂಡರಾಯರ ಚಿತ್ರಕಲಾ ಪರಿಷತ್ತು ತಲೆಯೆತ್ತಿತು. ಅದರ ಬೆನ್ನಿಗೇ ಕೆನ್ ಬಂತು. ಚಿತ್ರ ಕಲಿತ ಹುಡುಗ ಮುಂದೆ ಏನಾಗುತ್ತಾನೆ ಎಂದರೆ 'ಡ್ರಾಯಿಂಗ್ ಮೇಷ್ಟ್ರು' ಅನ್ನುತ್ತಿದ್ದ ಕಾಲ. ಸಾಹಿತ್ಯದಲ್ಲಿ ನವ್ಯದ ಬಿಸಿ ಜೋರಾಗಿತ್ತು. ಹಡಪದ್ ಅವರೂ ಕುಂಚದ ನವ್ಯರೇ. ಆದರೂ ಮೇಷ್ಟರ ಕೆಲಸವನ್ನು ಅವರು ಕೀಳೆಂದು ಎಣಿಸಲಿಲ್ಲ. ಅದಕ್ಕೊಂದು ಮನೆಯನ್ನೇ ಕಟ್ಟಿಕೊಟ್ಟರು.

ಗುರುವಿನ ಅಚ್ಚು ಶಿಷ್ಯರ ಮೇಲೆ ಎದ್ದು ಕಾಣುವ ಶಾಲೆಗಳಿವೆ. ಕೆನ್ ಅಂಥದಲ್ಲ. ಅಲ್ಲಿ ಕಲಿತ ಇಬ್ಬರನ್ನು ನೋಡಿ. ಜೆ.ಎಂ.ಎಸ್. ಮಣಿ ಬೆಂಗಳೂರಿನವರೇ, ಮುಂದೆ ಅದೇ ಶಾಲೆಯ ಪ್ರಿನ್ಸಿಪಾಲರಾದವರು. ಅವರಿಗೆ ಹೆಸರು ತಂದದ್ದು 'ಬಾದಾಮಿ' ಸರಣಿ: ರುಮಾಲಿನ ಗಂಡಸರು, ಸೆರಗು ಹೊದ್ದ ಹೆಂಗಸರು, ಕಣ್ಣಿಗೆ ಹೊಡೆಯುವ ಗಟ್ಟಿ ಬಣ್ಣ. ಗುರುವಿನ ಊರು ಹೀಗೆ ಶಿಷ್ಯನ ಕ್ಯಾನ್ವಾಸಿಗೆ ಬಂತು. 2021ರಲ್ಲಿ ಮಣಿಯವರು ತೀರಿಕೊಂಡರು.

ಇನ್ನೊಬ್ಬರು ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. 1979ರಲ್ಲಿ ಕೆನ್ ಓದು ಮುಗಿಸಿ, ಶಾಂತಿನಿಕೇತನದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತು, ಲಂಡನ್ನಿಗೂ ಹೋಗಿ ಬಂದರು. ತೊಂಬತ್ತರ ದಶಕದಲ್ಲಿ ಎಣ್ಣೆ ಬಣ್ಣ ಬದಿಗಿಟ್ಟು ಸಗಣಿ ಕೈಗೆತ್ತಿಕೊಂಡರು. ಅವರ 1998ರ ಕೃತಿಯೊಂದನ್ನು ಹತ್ತಿರ ನಿಂತು ನೋಡಬೇಕು. ದೂರಕ್ಕೆ ಅದು ನೆಲದ ಮೇಲೆ, ಗೋಡೆಯ ಮೇಲೆ ಸುತ್ತಿ ಬಳಸಿ ಹರಿದ ಕೆಂಪು ಹಗ್ಗ. ಬಗ್ಗಿದರೆ ಅದು ಹಗ್ಗವಲ್ಲ, ಹೊಲಿಗೆಯ ದಾರ. ನೂರು ಮೀಟರಿಗೂ ಮಿಕ್ಕಿದ ಎಳೆಗಳು. ಒಂದೊಂದನ್ನೂ ಸೂಜಿಗಣ್ಣಿನಲ್ಲಿ ಪೋಣಿಸಿ, ಎಲ್ಲವನ್ನೂ ಕೂಡಿಸಿ, ಅಂಟು ಬೆರೆಸಿದ ಕುಂಕುಮವನ್ನು ಕೈಯಾರೆ ಸವರಿದ್ದಾರೆ. ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ಇಳಿಬಿದ್ದಿವೆ. ನಮ್ಮ ಹೆಂಗಸರ ದಿನನಿತ್ಯದ ದುಡಿಮೆ, ನೋವು ಎರಡನ್ನೂ ಇಷ್ಟು ಕಡಿಮೆ ಸಾಮಾನಿನಲ್ಲಿ ಹೇಳಿದ ಕೃತಿ ನನಗೆ ಬೇರೆ ಗೊತ್ತಿಲ್ಲ.

ಶೀಲಾ ಅವರ ಕೃತಿಗಳು 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನಕ್ಕೆ, 2009ರಲ್ಲಿ ವೆನಿಸ್ ಬಿನಾಲೆಗೆ ಹೋದವು. ಹಡಪದ್ ಮೇಷ್ಟ್ರು 2003ರಲ್ಲೇ ತೀರಿಕೊಂಡಿದ್ದರು.