ಕಂದಾಯ ಕಟ್ಟಿದವನು ಒಡೆಯನಲ್ಲ
(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ಊಟದ ಗಂಟೆ ಹೊಡೆಯೋದರೊಳಗೆ ಮುಗಿಸಿ ಅಂದಿದ್ದೀರಿ. ಅದಕ್ಕೇ ಪೀಠಿಕೆ ಬಿಟ್ಟು ನೇರ ಕಾಗದಪತ್ರಕ್ಕೆ ಬರ್ತೀವಿ.

ನಮ್ಮ ತಾತಂದಿರಿಗೆ ಸರ್ಕಾರ ಎರಡೆಕರೆ, ನಾಲ್ಕೆಕರೆ ಮಂಜೂರು ಮಾಡಿತು. ಇಷ್ಟು ವರ್ಷ ಪರಭಾರೆ ಮಾಡಕೂಡದು ಅಂತ ಸಾಗುವಳಿ ಚೀಟಿಯಲ್ಲೇ ಷರತ್ತಿತ್ತು. ಓದಿ ಹೇಳೋರು ಯಾರಿದ್ದರು? ಮದುವೆಗೆ ಸಾಲ, ಕಾಯಿಲೆಗೆ ಸಾಲ, ಜೊತೆಗೆ ಕಂದಾಯ ಬಾಕಿ. ಊರಿನ ಉಳ್ಳವರು ಬಂದು "ಕಂದಾಯ ನಾವು ಕಟ್ಕೋತೀವಿ ಬಿಡ್ಲಾ" ಅಂದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಮೊದಲು ರಸೀತಿ ಅವರ ಹೆಸರಿಗೆ, ಆಮೇಲೆ ಪಹಣಿ ಅವರ ಹೆಸರಿಗೆ. ಅದೇ ಹೊಲದಲ್ಲಿ ನಾವು ಕೂಲಿ. ಈಗ ಕೆಂಗೇರಿ ಸುತ್ತ ಹೊಲವೆಲ್ಲ ಬಡಾವಣೆ. ಒಂದೆಕರೆಗೆ 43,560 ಚದರಡಿ, 30×40ರ ಸೈಟಿಗೆ 1,200. ರಸ್ತೆ ಕಳೆದು ಎಷ್ಟು ಸೈಟು ಅಂತ ನೀವೇ ಲೆಕ್ಕ ಹಾಕಿ, ಕಾಮರ್ಸ್ ಹುಡುಗರಿದ್ದೀರಿ.

ಮೊದಲು ತಿಳಿಯಬೇಕಾದ್ದು, ಕಂದಾಯದ ರಸೀತಿ ಹಣ ಕಟ್ಟಿದ್ದಕ್ಕೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ. ಜಿ.ಪಿ.ಎ. ಬರೆಸಿಕೊಂಡು ಕೊಂಡೆವು ಅನ್ನೋರೂ ಇದ್ದಾರೆ. ಅದರಿಂದ ಒಡೆತನ ವರ್ಗ ಆಗೋದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಬಾಕಿಯನ್ನು ಹಗುರವಾಗಿ ತಗೋಬೇಡಿ. 1964ರ ಭೂಕಂದಾಯ ಕಾಯ್ದೆಯಲ್ಲಿ ಬಾಕಿಗಾಗಿ ಜಮೀನು ಜಪ್ತಿ ಮಾಡಿ ಹರಾಜು ಹಾಕಬಹುದು.

ಇಲ್ಲಿಗೆ ನಮ್ಮ ಕಾಯ್ದೆ ಬರುತ್ತದೆ. ದೇವರಾಜ ಅರಸರ ಸರ್ಕಾರದ ಕಾಲದ ಕಾಯ್ದೆ, 1978ರದು, 1979ರ ಜನವರಿ 1ರಿಂದ ಜಾರಿ. ಜನ ಪಿ.ಟಿ.ಸಿ.ಎಲ್. ಅಂತಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದ್ದರೆ, ಅದು ಕಾಯ್ದೆ ಬರೋಕೆ ಮುಂಚಿನದಾದರೂ ಸರಿ, ಅಸಿಂಧು. ಜಾರಿಯಾದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. ಕ್ರಯ ಒಂದೇ ಅಲ್ಲ. ಅಡಮಾನ, ಗುತ್ತಿಗೆ, ದಾನ, ಮಾರಾಟದ ಕರಾರು, ಜಮೀನಿನ ಮೇಲೆ ಋಣಭಾರ ಹೊರಿಸೋದು ಎಲ್ಲವೂ ಪರಭಾರೆಯೇ. 4ನೇ ಕಲಮಿನ 3ನೇ ಉಪಕಲಮನ್ನು ದಯವಿಟ್ಟು ಬರೆದುಕೊಳ್ಳಿ. ಸಿವಿಲ್ ಕೋರ್ಟಿನ ಡಿಕ್ರಿಯಿಂದಾಗಲಿ, ಬೇರೆ ಯಾವುದೇ ಪ್ರಾಧಿಕಾರದ ಆದೇಶದಿಂದಾಗಲಿ ಆದ ಮಾರಾಟಕ್ಕೂ ಇದೇ ಕಟ್ಟು. ಹರಾಜಿನಲ್ಲಿ ಕೂಗಿ ತಗೊಂಡೆ ಅಂದಮಾತ್ರಕ್ಕೆ ಗೆದ್ದಂತಲ್ಲ.

ತೂತುಗಳೂ ಇವೆ, ಮುಚ್ಚಿಡೋದಿಲ್ಲ. ಸರ್ಕಾರ, ಸ್ಥಳೀಯ ಸಂಸ್ಥೆ, ಬ್ಯಾಂಕಿಗೆ ಆದ ವರ್ಗಾವಣೆಗೆ ಈ ತಡೆ ಇಲ್ಲ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಚಾಕರಿಯ ಇನಾಂ ಜಮೀನು ಈ ಕಾಯ್ದೆಯ 'ಮಂಜೂರಾದ ಜಮೀನು' ಅನ್ನೋದರೊಳಗೆ ಬರೋದಿಲ್ಲ. ತಲೆತಲಾಂತರ ಊರ ಚಾಕರಿ ಮಾಡಿದವರನ್ನೇ ಹೊರಗಿಟ್ಟರು ನೋಡಿ! ಅದಕ್ಕೇ ಜಮೀನು ಯಾವ ಬಗೆಯದು ಅಂತ ಮೊದಲು ಪತ್ತೆ ಮಾಡಿ.

ಕೊಂಡವರು ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1984ರ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆ ಗಟ್ಟಿ ನಿಂತಿತು. ಕಾಯ್ದೆ ಬರುವ ಹೊತ್ತಿಗೇ ದೀರ್ಘ ಅನುಭವದಿಂದ ಹಕ್ಕು ಪಕ್ಕಾ ಆಗಿದ್ದವರನ್ನು ಮಾತ್ರ ಬಿಟ್ಟರು. ಆಮೇಲೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ. 'ತಡವಾಗಿ ಬಂದಿರಿ' ಅಂತ ಬಾಗಿಲು ಹಾಕಿದರು. ಅದನ್ನೇ ತೋರಿಸಿ ನಮ್ಮವರ ಅರ್ಜಿಗಳನ್ನು ಸಾಲುಸಾಲಾಗಿ ವಜಾ ಮಾಡಿದರು. ಹೆಬ್ಬೆಟ್ಟಿನ ಮುದುಕಿಗೆ ಕಾಲಮಿತಿ ಹೇಳಿಕೊಟ್ಟವರು ಯಾರು? ಜನ ಧರಣಿ ಕೂತರು. 2023ರಲ್ಲಿ ತಿದ್ದುಪಡಿ ಬಂತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ. ಆಮೇಲೂ ಹೈಕೋರ್ಟಿನಲ್ಲಿ ವಿಳಂಬದ ವಾದ ನಿಂತಿಲ್ಲ. ಆದ್ದರಿಂದ ತಿದ್ದುಪಡಿ ಇದೆ ಅಂತ ನಿದ್ದೆ ಮಾಡಬೇಡಿ.

ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ. ಅಲ್ಲಿ ಸೋತರೆ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಇನ್ನೊಂದು ಬಲ ನಮಗಿದೆ. ಮಂಜೂರಾದ ಜಮೀನು ಬೇರೆಯವರ ಸ್ವಾಧೀನದಲ್ಲಿದ್ದರೆ ಅದು ಅಸಿಂಧು ಪರಭಾರೆಯಿಂದಲೇ ಸಿಕ್ಕಿದ್ದು ಅಂತ ಕಾಯ್ದೆ ಭಾವಿಸುತ್ತದೆ. ಅಲ್ಲ ಅಂತ ತೋರಿಸೋ ಹೊಣೆ ಅವರದು. ಆದರೆ ಮಂಜೂರಾಗಿತ್ತು ಅನ್ನೋದನ್ನು ನಾವು ತೋರಿಸಬೇಕು, ಕಡತ ಸಿಗೋದಿಲ್ಲ ಅನ್ನೋ ಉತ್ತರ ಬರೋದೂ ಅಲ್ಲೇ.

ರಜೆಗೆ ಮನೆಗೆ ಹೋದಾಗ ಟ್ರಂಕು ತೆಗೆಸಿ. ಸಾಗುವಳಿ ಚೀಟಿ ಹುಡುಕಿ, ಸರ್ವೆ ನಂಬರು ಬರೆದುಕೊಳ್ಳಿ. ತಾಲ್ಲೂಕು ಕಚೇರಿಯಲ್ಲಿ ಹಳೇ ಪಹಣಿ, ಮ್ಯುಟೇಶನ್ ನಕಲು ಕೇಳಿ. ಪಹಣಿಯ ಋಣದ ಕಾಲಂ ಓದಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ತೆಗೆಸಿದರೆ ಯಾರು ಯಾರಿಗೆ ಬರೆದುಕೊಟ್ಟರು ಅನ್ನೋದು ಕಾಣುತ್ತದೆ. ಮಂಜೂರಾತಿ ಕಡತ ಇಲ್ಲ ಅಂದರೆ ಬಾಯಿಮಾತಿಗೆ ಒಪ್ಪಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಬರವಣಿಗೆಯಲ್ಲೇ ಹೇಳಿಸಿ. ಒಂದು ಜೆರಾಕ್ಸ್ ನಮಗೂ ತನ್ನಿ, ಕೂತು ಓದೋಣ.