ಹದಿನೇಳನೆಯ ಚಾನೆಲ್ಲಿನ ಕಥೆ

ದಿವಾಳಿಯ ಅಂಚಿನಲ್ಲಿ ನಿಂತ ದೂರದರ್ಶನ ಕೇಂದ್ರವೊಂದನ್ನು ನೂತನ ಪ್ರಸಾರತಂತ್ರವು ಉದ್ಧರಿಸಬಲ್ಲುದೆ ಎಂಬ ಪ್ರಶ್ನೆಗೆ ಅಮೆರಿಕಾ ದೇಶದ ಅನುಭವವು ಇಲ್ಲವೆಂದೂ ಹೌದೆಂದೂ ಎರಡು ಉತ್ತರಗಳನ್ನು ನೀಡಿದೆ.

1952ರಲ್ಲಿ, ರೂಢಿಯಲ್ಲಿದ್ದ ಹನ್ನೆರಡು ಚಾನೆಲ್ಲುಗಳು ಸಾಲದೆ, 14ರಿಂದ 83ರವರೆಗಿನ ಯು.ಎಚ್.ಎಫ್. (ಅತ್ಯುಚ್ಚ ಆವರ್ತನದ) ಚಾನೆಲ್ಲುಗಳನ್ನು ಅಲ್ಲಿ ತೆರೆಯಲಾಯಿತು. ಹೊಸ ಕೇಂದ್ರಗಳು ಉತ್ಸಾಹದಿಂದ ತಲೆಯೆತ್ತಿದುವು. ಆದರೆ ಜನರ ಮನೆಗಳಲ್ಲಿದ್ದ ಬಹುತೇಕ ದೂರದರ್ಶನ ಪೆಟ್ಟಿಗೆಗಳಿಗೆ ಈ ಚಾನೆಲ್ಲುಗಳ ಅಲೆಗಳನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ. ಪೆಟ್ಟಿಗೆಯ ಮೇಲೊಂದು ಪರಿವರ್ತಕದ ಪೆಟ್ಟಿಗೆಯನ್ನು ಕೊಂಡಿಟ್ಟರೂ, ಗುಡ್ಡ ಅಡ್ಡಬಂದರೆ ಚಿತ್ರವು ಸೊರಗುತ್ತಿತ್ತು. ಹಳೆಯ ಚಾನೆಲ್ಲಿನ ಗುಂಡಿಯು ಟಕ್ಕೆಂದು ಅಂಕಿಯ ಮೇಲೆ ನಿಂತರೆ, ಹೊಸದನ್ನು ರೇಡಿಯೋದ ಗುಂಡಿಯಂತೆ ಕೂದಲೆಳೆಯಷ್ಟು ಅತ್ತಿತ್ತ ತಿರುವಿ ಹುಡುಕಬೇಕಾಗಿತ್ತು. ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ "ಈಗ ಬಂತೇ?" ಎಂದು ಕೂಗಿದ ನಮ್ಮವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ! ಆರೆಗನ್ ಪ್ರಾಂತದ ಪೋರ್ಟ್‌ಲೆಂಡಿನಲ್ಲಿ ಅದೇ ವರ್ಷ ಸೆಪ್ಟೆಂಬರ್ 20ರಂದು ಆರಂಭವಾದ ಇಂತಹ ಮೊದಲ ವಾಣಿಜ್ಯ ಕೇಂದ್ರವು, ಮೊದಮೊದಲು ಊರಿನಲ್ಲಿ ಬೇರೆ ಕೇಂದ್ರವಿಲ್ಲದ ಕಾರಣ ಬದುಕಿತಾದರೂ, 1957ರಲ್ಲಿ ಹಳೆಯ ಸಾಲಿನ 12ನೆಯ ಚಾನೆಲ್ಲಿಗೇ ಸರಿಯಿತು. ಎಲ್ಲ ಚಾನೆಲ್ಲುಗಳನ್ನೂ ಹಿಡಿಯುವ ಪೆಟ್ಟಿಗೆಯನ್ನೇ ತಯಾರಿಸಬೇಕೆಂಬ ಕಾನೂನು ಬಂದುದು 1962ರಲ್ಲಿ. ಅಷ್ಟರೊಳಗೆ ಅನೇಕ ಕೇಂದ್ರಗಳು ಮುಚ್ಚಿಹೋಗಿದ್ದುವು.

ಅಂತಹುದೇ ಬಡಕೇಂದ್ರ ಅಟ್ಲಾಂಟಾದ 17ನೆಯ ಚಾನೆಲ್ಲು. 1970ರಲ್ಲಿ ಟೆಡ್ ಟರ್ನರ್ ಎಂಬವರು ಅದನ್ನು ಕೊಂಡಾಗ ಅದು ನಷ್ಟದಲ್ಲಿತ್ತು. ಹಳೆಯ ಚಲನಚಿತ್ರಗಳು, ಹಳೆಯ ಹಾಸ್ಯ ಧಾರಾವಾಹಿಗಳು, ಬೇಸ್‌ಬಾಲ್ ಪಂದ್ಯಗಳು, ಇಷ್ಟೇ ಅದರ ಬಂಡವಾಳ. 1976ರ ಡಿಸೆಂಬರ್ 17ರಂದು ಅವರು ಇದೇ ಸರಕನ್ನು ಸ್ಯಾಟ್‌ಕಾಮ್ ಎಂಬ ಉಪಗ್ರಹಕ್ಕೆ ಏರಿಸಿದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿದುಬಂದ ಆ ಅಲೆಗಳನ್ನು ದೂರದೂರದ ಊರುಗಳ ಕೇಬಲ್ಲಿನವರು ತಮ್ಮ ದೊಡ್ಡ ಬಟ್ಟಲಿನಂತಹ ಆಂಟೆನಾದಲ್ಲಿ ಹಿಡಿದು, ಮೊದಲೇ ಮನೆಮನೆಗೆ ಎಳೆದಿದ್ದ ತಂತಿಯಲ್ಲಿ ಹರಿಯಬಿಟ್ಟರು. ಸೂಕ್ಷ್ಮವಿರುವುದು ಇಲ್ಲಿಯೇ: ಈ ಸಲ ಹೊಸ ಯಂತ್ರದ ಭಾರವನ್ನು ಹೊತ್ತವನು ಕೇಬಲ್ಲಿನವನು, ಗೃಹಸ್ಥನು ಕುರ್ಚಿಯಿಂದ ಏಳಬೇಕಾಗಲಿಲ್ಲ. ಕಾರ್ಯಕ್ರಮವು ಉತ್ತಮವಾಯಿತೆಂದು ಮಾತ್ರ ನಾನು ಹೇಳಲಾರೆ. ಆದರೂ ನೋಡುವವರು ಹೆಚ್ಚಿದರು, ಜಾಹೀರಾತುಗಳು ಬಂದುವು.

1980ರ ಜೂನ್ 1ರಂದು ಅದೇ ಒಡೆಯರು ಅದೇ ಊರಿನಿಂದ, ಅದೇ ಉಪಗ್ರಹಮಾರ್ಗವಾಗಿ, ಹಗಲಿರುಳೂ ಸುದ್ದಿಯನ್ನೇ ಬಿತ್ತರಿಸುವ ಸಿ.ಎನ್.ಎನ್. ಅನ್ನು ಆರಂಭಿಸಿದರು.