ಇಬ್ಬರ ಮಾತಿನಿಂದ ಎಲ್ಲರ ಮಾತಿಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವ ನಾನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. "ನಿಮ್ಮ ಕೆಲಸ ಎಂಥದ್ದು ಅಂತ ಮಕ್ಕಳಿಗೆ ತಿಳಿಯುವ ಹಾಗೆ ಹೇಳಿ, ಉಪದೇಶ ಬೇಡ" ಎಂದು ಮುಖ್ಯೋಪಾಧ್ಯಾಯರು ಮೊದಲೇ ಅಪ್ಪಣೆ ಕೊಟ್ಟಿದ್ದಾರೆ. ಹಾಗಾಗಿ ನಾನು ಮಾಡಿದ ಒಂದೇ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಇಬ್ಬರು ಮಾತ್ರ ಮಾತಾಡಬಹುದಾಗಿದ್ದ ಒಂದು ತಂತ್ರಾಂಶದಲ್ಲಿ ಹಲವರು ಕೂಡಿ ಮಾತಾಡುವ ವ್ಯವಸ್ಥೆ ಸೇರಿಸಿದ ಕೆಲಸ ಅದು.

ಇಲ್ಲಿ ಕುಳಿತಿರುವ ಹೆಚ್ಚಿನವರ ಜೇಬಿನಲ್ಲಿ ವಾಟ್ಸಾಪ್ ಇದೆ. ಈ ಸಮಾರಂಭದ ಸುದ್ದಿ ನನಗೆ ಮುಟ್ಟಿದ್ದೂ ನಮ್ಮ ಬ್ಯಾಚಿನ ಗ್ರೂಪಿನಿಂದಲೇ. ಆದರೆ ಗ್ರೂಪಿನಲ್ಲಿ ಮಾತಾಡುವುದು ವಾಟ್ಸಾಪ್ ಬಂದ ಮೇಲೆ ಶುರುವಾದದ್ದಲ್ಲ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿದ್ದ ಯಾರ್ಕೋ ಓಯ್ಕರಿನೆನ್ ಎಂಬ ತರುಣ ಐಆರ್‌ಸಿ ಎಂಬ ವ್ಯವಸ್ಥೆ ಬರೆದ. ಅದರಲ್ಲಿ ಹಲವರು ಒಂದೇ 'ಚಾನೆಲ್'ನಲ್ಲಿ ಸೇರಿ ಮಾತಾಡಬಹುದಿತ್ತು. 1999ರಲ್ಲಿ ಅಮೆರಿಕದ ಜೆರೆಮಿ ಮಿಲ್ಲರ್ ಜಾಬರ್ ಎಂಬುದನ್ನು ಜಗತ್ತಿಗೆ ಕೊಟ್ಟರು. ಮುಂದೆ ಅದಕ್ಕೆ ಎಕ್ಸ್‌ಎಂಪಿಪಿ ಎಂಬ ಹೆಸರು ಬಂತು. ಅದರಲ್ಲಿ ಗುಂಪಿನ ಮಾತುಕತೆ ಹೇಗೆ ನಡೆಯಬೇಕು ಎಂಬ ನಿಯಮಾವಳಿಯ ಕರಡು 2002ರಲ್ಲಿ ಸಿದ್ಧವಾಯಿತು. ಯಾರು ಬೇಕಾದರೂ ಓದಬಹುದಾದ ದಾಖಲೆ ಅದು.

ಇದೇ ಕಾಲದಲ್ಲಿ, 1998ರಲ್ಲಿ, ಮಾರ್ಕ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ಗೇಮ್ ಎಂಬ ತಂತ್ರಾಂಶ ಶುರುಮಾಡಿದ. 2007ರಲ್ಲಿ ಅದರ ಹೆಸರು ಪಿಜಿನ್ ಎಂದಾಯಿತು. ಬೇರೆ ಬೇರೆ ಸಂದೇಶ ಸೇವೆಗಳನ್ನು ಒಂದೇ ಕಿಟಕಿಯಲ್ಲಿ ತೋರಿಸುವುದು ಅದರ ಕೆಲಸ. ಅದರ ಹೊಟ್ಟೆಯೊಳಗೆ ಲಿಬ್‌ಪರ್ಪಲ್ ಎಂಬ ಭಾಗವಿದೆ. ಹೊಸ ಸೇವೆಯೊಂದನ್ನು ಸೇರಿಸಬೇಕಾದರೆ ಸಿ ಭಾಷೆಯಲ್ಲಿ ಒಂದು ಪ್ಲಗಿನ್ ಬರೆದು ಅದಕ್ಕೆ ಜೋಡಿಸಬೇಕು. ಇಡೀ ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದೆ. ದುಡ್ಡು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಆಗ ನಾನಿದ್ದ ಕಚೇರಿಗೆ ತನ್ನದೇ ಆದ ಒಂದು ಸಂದೇಶ ಸೇವೆ ಇತ್ತು. ಯಾರೋ ಪುಣ್ಯಾತ್ಮರು ಅದಕ್ಕೆ ಪಿಜಿನ್ ಪ್ಲಗಿನ್ ಬರೆದಿಟ್ಟು ಹೋಗಿದ್ದರು. ಆದರೆ ಅದರಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾತ್ರ ಬರೆಯಬಹುದಿತ್ತು. ನಮ್ಮ ರಾತ್ರಿ ಪಾಳಿಯಲ್ಲಿ ಏಳು ಜನ. ಯಂತ್ರವೊಂದು ನಿಂತರೆ ಒಬ್ಬ ಇನ್ನೊಬ್ಬನಿಗೆ ಹೇಳಬೇಕು, ಅವನು ಮತ್ತೊಬ್ಬನಿಗೆ. ಕೊನೆಯವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಇಬ್ಬರು ಒಂದೇ ಕೆಲಸಕ್ಕೆ ಕೈಹಾಕಿ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿರುತ್ತಿದ್ದರು. ಗುಂಪಿನ ಮಾತುಕತೆ ಸೇರಿಸುವ ಕೆಲಸವನ್ನು ನಾನು ವಹಿಸಿಕೊಂಡೆ.

ಒಂದೇ ಸಂದೇಶವನ್ನು ಆರು ಜನರಿಗೆ ಆರು ಸಲ ಕಳಿಸಿದರೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ನಮಗೆ ಹತ್ತನೇ ತರಗತಿಯ ಗಣಿತದಲ್ಲಿ ಕ್ರಮಯೋಜನೆ ಮತ್ತು ವಿಕಲ್ಪ ಎಂಬ ಪಾಠ ಇತ್ತು. ಏಳು ಜನ ಒಬ್ಬರಿಗೊಬ್ಬರು ಕೈಕುಲುಕಿದರೆ ಎಷ್ಟು ಕೈಕುಲುಕು? 21. ನಲವತ್ತು ಮಕ್ಕಳ ತರಗತಿಯಾದರೆ 780. ಅಷ್ಟು ಜೋಡಿ ಮಾತುಕತೆಗಳು ಸೇರಿದರೂ ಅದು ತರಗತಿ ಆಗುವುದಿಲ್ಲ. ತರಗತಿ ಎಂದರೆ ಒಂದು ಕೋಣೆ ಇರಬೇಕು, ಅದಕ್ಕೊಂದು ಹೆಸರು, ಒಂದು ಹಾಜರಿ ಪುಸ್ತಕ ಇರಬೇಕು. ಒಬ್ಬ ಹೇಳಿದ್ದು ಎಲ್ಲರಿಗೂ ಕೇಳಬೇಕು. ಎಲ್ಲರಿಗೂ ಕೇಳಿತು ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಮೊದಲ ಮೂರು ವಾರ ನಾನು ಒಂದು ಸಾಲನ್ನೂ ಬರೆಯಲಿಲ್ಲ, ಓದಿದೆ. ಲಿಬ್‌ಪರ್ಪಲ್‌ನಲ್ಲಿ ಇಬ್ಬರ ಮಾತುಕತೆ, ಗುಂಪಿನ ಮಾತುಕತೆ ಎಂದು ಮೊದಲಿನಿಂದಲೇ ಎರಡು ಬಗೆ ಇವೆ. ಕೋಣೆಗೆ ಸೇರುವುದು, ಬಿಡುವುದು, ಇನ್ನೊಬ್ಬರನ್ನು ಕರೆಯುವುದು, ಕೋಣೆಯಲ್ಲಿ ಮಾತು ಆಡುವುದು ಇವಕ್ಕೆಲ್ಲ ಬೇರೆ ಬೇರೆ ಖಾಲಿ ಜಾಗ ಬಿಟ್ಟಿದ್ದಾರೆ. ಪ್ಲಗಿನ್ ಬರೆಯುವವರು ಆ ಜಾಗಗಳನ್ನು ತುಂಬಬೇಕು. ಹಳೆಯ ಪ್ಲಗಿನ್‌ನಲ್ಲಿ ಅವೆಲ್ಲ ಖಾಲಿ ಇದ್ದವು. ಐಆರ್‌ಸಿ ಮತ್ತು ಜಾಬರ್ ಪ್ಲಗಿನ್ ಬರೆದವರು ಅದೇ ಜಾಗಗಳನ್ನು ಹೇಗೆ ತುಂಬಿದ್ದಾರೆ ಎಂದು ಓದಿದೆ. ನನಗೆ ಅದನ್ನು ಕಲಿಸಿದವರು ಮುಖ ನೋಡದ ಆ ಜನರೇ.

ತುಂಬಲು ಕುಳಿತಾಗ ಪ್ರಶ್ನೆಗಳು ಎದುರಾದವು. ಒಂದೊಂದೂ ಸಣ್ಣದೇ.

ಮೊದಲನೆಯದು, ಮಾತಾಡಿದವರು ಯಾರು? ಇಬ್ಬರೇ ಇದ್ದಾಗ ಈ ಪ್ರಶ್ನೆಯೇ ಇಲ್ಲ. ನಾನಲ್ಲದಿದ್ದರೆ ನೀನು. ಕೋಣೆಯಲ್ಲಿ ಪ್ರತಿ ಮಾತಿಗೂ ಎರಡು ಗುರುತು ಬೇಕು, ಯಾವ ಕೋಣೆ ಮತ್ತು ಯಾರ ಮಾತು. ನಮ್ಮ ಸೇವೆ ಕೋಣೆಗೆ ಉದ್ದನೆಯ ಹೆಸರಿಡುತ್ತಿತ್ತು. ಲಿಬ್‌ಪರ್ಪಲ್ ಕೇಳುವುದು ಒಂದು ಸಂಖ್ಯೆಯನ್ನು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕ್ರಮಸಂಖ್ಯೆ ಬರೆಯುವ ಹಾಗೆ ನಾನೂ ಒಂದು ಪಟ್ಟಿ ಇಡಬೇಕಾಯಿತು.

ಎರಡನೆಯದು, ನಾನು ಆಡಿದ ಮಾತು ನನಗೆ ಯಾವಾಗ ಕಾಣಬೇಕು? ಐಆರ್‌ಸಿಯಲ್ಲಿ ಸಾಮಾನ್ಯವಾಗಿ ನಮ್ಮ ಮಾತು ಉಳಿದವರಿಗೆ ಹೋಗುತ್ತದೆ, ನಮಗೆ ಮರಳಿ ಬರುವುದಿಲ್ಲ. ಹಾಗಾಗಿ ನಮ್ಮ ಪರದೆಯ ಮೇಲೆ ನಾವೇ ಬರೆದುಕೊಳ್ಳಬೇಕು. ಜಾಬರ್‌ನಲ್ಲಿ ಕೋಣೆಯು ನಮ್ಮ ಮಾತನ್ನು ಎಲ್ಲರಿಗೂ ಕಳಿಸುವಾಗ ನಮಗೂ ಕಳಿಸುತ್ತದೆ. ಅಲ್ಲಿ ನಾವೇ ಮೊದಲು ಬರೆದುಕೊಂಡರೆ ಒಂದು ಮಾತು ಎರಡು ಸಲ ಕಾಣುತ್ತದೆ. ನಮ್ಮ ಸೇವೆ ಈ ಎರಡನೆಯ ಬಗೆಯದು. ಕಳಿಸಿದ ಮೇಲೆ ಅರೆಕ್ಷಣ ಕಾಯಬೇಕು. ಆದರೆ ಅದರಿಂದ ಒಂದು ದೊಡ್ಡ ಲಾಭವಿದೆ. ಕೋಣೆಗೆ ಯಾವ ಮಾತು ಮೊದಲು ಮುಟ್ಟಿತೋ ಅದೇ ಎಲ್ಲರ ಪರದೆಯಲ್ಲೂ ಮೊದಲು ಕಾಣುತ್ತದೆ. "ನಾನು ಮೊದಲು ಹೇಳಿದೆ" ಎಂಬ ಜಗಳಕ್ಕೆ ಆಸ್ಪದವಿಲ್ಲ.

ಮೂರನೆಯದು, ತಡವಾಗಿ ಬಂದವರಿಗೆ ಏನು ಹೇಳಬೇಕು? ಜಾಬರ್ ನಿಯಮದಲ್ಲಿ ಇದಕ್ಕೆ ಒಂದು ಕ್ರಮವಿದೆ. ಒಳಗೆ ಬಂದವರಿಗೆ ಮೊದಲು ಕೋಣೆಯಲ್ಲಿ ಯಾರ್ಯಾರು ಇದ್ದಾರೆಂದು ತಿಳಿಸಬೇಕು. ನಂತರ ನೀವೂ ಒಳಗೆ ಬಂದಿದ್ದೀರಿ ಎಂಬ ಖಾತ್ರಿ ಕೊಡಬೇಕು. ಆಮೇಲೆ ಹಿಂದಿನ ಕೆಲವು ಮಾತುಗಳನ್ನು ಅವುಗಳ ಹೊತ್ತಿನ ಸಮೇತ ತೋರಿಸಬೇಕು. ಅದಾದ ಮೇಲೆ ಈಗಿನ ವಿಷಯ. ತಡವಾಗಿ ಬಂದ ಮಗುವನ್ನು ಬಾಗಿಲಲ್ಲೇ ನಿಲ್ಲಿಸದೆ ಕೂರಿಸಿ, ಇಲ್ಲಿಯವರೆಗೆ ಇಷ್ಟು ಪಾಠ ಆಗಿದೆ ಎಂದು ಹೇಳಿ ಮುಂದುವರಿಸುತ್ತಿದ್ದ ಗುರುಗಳು ನಮಗೆ ಈ ಶಾಲೆಯಲ್ಲಿದ್ದರು. ಅದೇ ಕ್ರಮ. ನೆಟ್ ಹೋಗಿ ಬಂದವನೂ ತಡವಾಗಿ ಬಂದವನೇ ಎಂದು ನೆನಪಿಡಿ. ಕರೆಂಟ್ ಹೋಗುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು, ಅಧಿಕಾರ. ಯಾರನ್ನಾದರೂ ಹೊರಗೆ ಕಳಿಸುವ ಹಕ್ಕು ಯಾರಿಗೆ? ಮಾತಾಡದೆ ಕೇಳಿಸಿಕೊಳ್ಳಲು ಮಾತ್ರ ಯಾರಿಗೆ ಅನುಮತಿ? ಜಾಬರ್ ನಿಯಮದಲ್ಲಿ ಇದಕ್ಕೆ ಎರಡು ಪಟ್ಟಿಗಳಿವೆ. ಒಂದು ಕಾಯಂ ಪಟ್ಟಿ. ಅದರಲ್ಲಿ ಕೋಣೆಯ ಒಡೆಯ, ಆಡಳಿತ ನೋಡುವವರು, ಸದಸ್ಯರು ಮತ್ತು ಬಹಿಷ್ಕೃತರು ಇರುತ್ತಾರೆ. ಇನ್ನೊಂದು ಆ ಹೊತ್ತಿನ ಪಟ್ಟಿ. ಅದರಲ್ಲಿ ಸಭೆ ನಡೆಸುವವರು, ಮಾತಾಡುವವರು ಮತ್ತು ಕೇಳುಗರು. ಶಾಲೆಯ ದಾಖಲಾತಿ ಪುಸ್ತಕಕ್ಕೂ ಇವತ್ತಿನ ಕ್ಲಾಸ್ ಲೀಡರ್‌ಗೂ ಇರುವ ವ್ಯತ್ಯಾಸ ಅದು. ಎರಡನ್ನೂ ಬೆರೆಸಿದರೆ, ಒಂದು ದಿನ ಗಲಾಟೆ ಮಾಡಿದವನು ಶಾಶ್ವತವಾಗಿ ಹೊರಗೆ ಉಳಿದುಬಿಡುತ್ತಾನೆ.

ಇನ್ನೊಂದು ವಿಷಯ ಮಕ್ಕಳು ಗಮನವಿಟ್ಟು ಕೇಳಬೇಕು. ಕೋಣೆಯಲ್ಲಿ ಜನರನ್ನು ಗುರುತಿಸುವುದು ಹೆಸರಿನಿಂದ. ನಮ್ಮ ಪಾಳಿಯಲ್ಲಿ ಕೆಲವರು ಹೆಸರನ್ನು ಕನ್ನಡದಲ್ಲೇ ಬರೆದುಕೊಂಡಿದ್ದರು. ಗೋಪಾಲ ಎಂಬ ಹೆಸರು ತೆಗೆದುಕೊಳ್ಳಿ. ಅದರ ಮೊದಲಿನ 'ಗೋ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಗಕಾರಕ್ಕೆ ಓತ್ವವನ್ನು ಒಂದೇ ಸಂಕೇತವಾಗಿ ಸೇರಿಸಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿ ಸೇರಿಸಬಹುದು. ಪರದೆಯ ಮೇಲೆ ಎರಡೂ ಒಂದೇ ಗೋಪಾಲ. ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಗೋಪಾಲರು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು.

ಅಳತೆಯದೂ ಹಾಗೆಯೇ. ಕರ್ನಾಟಕ ಎಂಬ ಪದ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ. ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್, ಒಟ್ಟು 21. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂಬತ್ತು ಬೈಟ್ ಸಾಕು. ಐಆರ್‌ಸಿಯ ಮೂಲ ನಿಯಮದಲ್ಲಿ ಒಂದು ಸಂದೇಶಕ್ಕೆ, ವಿಳಾಸವೆಲ್ಲ ಸೇರಿ, 512 ಬೈಟ್ ಮಿತಿ. ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂದು ಲೆಕ್ಕ ಹಾಕಿ ಬರೆದ ಕೋಡ್ ಕನ್ನಡದ ವಾಕ್ಯವನ್ನು ಅಕ್ಷರದ ನಡುವೆಯೇ ಕತ್ತರಿಸಬಹುದು. ಆಗ ಓದುವವರಿಗೆ ಕಾಣುವುದು ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ. ಬರೆದವರಿಗೆ ಕನ್ನಡದ ಮೇಲೆ ದ್ವೇಷವೇನೂ ಇಲ್ಲ, ಆ ಮೇಜಿನ ಬಳಿ ಕನ್ನಡ ಬಲ್ಲವರು ಕುಳಿತಿರಲಿಲ್ಲ ಅಷ್ಟೇ. ನಮ್ಮ ಪ್ಲಗಿನ್‌ನಲ್ಲಿ ಈ ತೊಂದರೆ ಬಾರದಂತೆ ನೋಡಿಕೊಳ್ಳಲು ನನಗೆ ನೆರವಾದದ್ದು ಈ ಶಾಲೆಯಲ್ಲಿ ಕಲಿತ ಕಾಗುಣಿತ. ಒತ್ತಕ್ಷರ ಹೇಗೆ ಕೂಡುತ್ತದೆ ಎಂದು ನನಗೆ ಗೊತ್ತಿತ್ತು. ಜೊತೆಯಲ್ಲಿದ್ದ ಬುದ್ಧಿವಂತರಲ್ಲಿ ಹಲವರಿಗೆ ಅದು ಗೊತ್ತಿರಲಿಲ್ಲ.

ಪ್ಲಗಿನ್ ಕೆಲಸಕ್ಕೆ ಬಂದ ಮೇಲೆ ನಮ್ಮ ಪಾಳಿಯ ಏಳು ಜನ ಒಂದೇ ಕೋಣೆಯಲ್ಲಿ ಮಾತಾಡತೊಡಗಿದೆವು. ಯಾರು ಯಾವ ಕೆಲಸ ಹಿಡಿದಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಮಾಡಿದ ಕೆಲಸವನ್ನೇ ಮತ್ತೆ ಮಾಡುವುದು ನಿಂತಿತು. ಪತ್ರಿಕೆಯಲ್ಲಿ ಬರುವಂಥ ಸಾಧನೆ ಇದಲ್ಲ. ಆದರೆ ಒಂದು ಮಾತು ನನಗೆ ಗಟ್ಟಿಯಾಯಿತು. ನಾವು ದಿನವೂ ಕೂತು ಮಾತಾಡುವ ಈ ಕೋಣೆಗಳ ನಿಯಮಗಳು ಆಕಾಶದಿಂದ ಬಿದ್ದವಲ್ಲ. ಯಾರು ಒಳಗೆ ಬರಬೇಕು, ತಡವಾದವರಿಗೆ ಏನು ಸಿಗಬೇಕು, ಯಾರ ಹೆಸರು ಸರಿಯಾಗಿ ಕಾಣಬೇಕು ಎಂದು ಯಾರೋ ಒಬ್ಬರು ಕುಳಿತು ಬರೆದಿರುತ್ತಾರೆ. ಆ ಬರೆಯುವವರಲ್ಲಿ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವರೂ ಇರಬೇಕು. ಮಕ್ಕಳೇ, ಇಂಗ್ಲಿಷ್ ಬಾರದು ಎಂದು ಹಿಂಜರಿಯಬೇಡಿ. ಸಿ ಭಾಷೆಯ ಮೊದಲ ಪ್ರಮಾಣಿತ ಆವೃತ್ತಿಯಲ್ಲಿ ಕಲಿಯಬೇಕಾದ ಕಾಯ್ದಿಟ್ಟ ಪದಗಳು ಬರೀ 32. ಇಂಗ್ಲಿಷ್ ನಿಧಾನವಾಗಿ ಬರುತ್ತದೆ, ನನಗೂ ಹಾಗೇ ಬಂತು. ಬೇಕಾದದ್ದು ಬೇರೆಯವರು ಬರೆದದ್ದನ್ನು ತಾಳ್ಮೆಯಿಂದ ಓದುವ ಅಭ್ಯಾಸ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಎರಡು ಕೋರಿಕೆ. ನಮ್ಮ ಬ್ಯಾಚಿನ ಗ್ರೂಪಿನಲ್ಲಿ ನಮ್ಮ ಜೊತೆ ಓದಿದ ಅರ್ಧದಷ್ಟು ಜನ ಇಲ್ಲ. ಕೆಲವರ ಬಳಿ ಸ್ಮಾರ್ಟ್‌ಫೋನ್ ಇಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಗೆಳತಿಯರ ನಂಬರ್ ನಮ್ಮ ಬಳಿ ಇಲ್ಲ. ಪ್ರತಿ ಬ್ಯಾಚಿನವರೂ ಶಾಲೆಯ ದಾಖಲಾತಿ ಪುಸ್ತಕ ಮುಂದಿಟ್ಟುಕೊಂಡು, ಹೊರಗೆ ಉಳಿದವರು ಯಾರೆಂದು ಪಟ್ಟಿ ಮಾಡೋಣ. ಮನೆಗೆ ಹೋಗಿಯಾದರೂ ಸುದ್ದಿ ಮುಟ್ಟಿಸೋಣ. ಎರಡನೆಯದು, ಶಾಲೆಯ ಕಂಪ್ಯೂಟರ್ ಕೋಣೆಗೆ ಕೆಲಸ ಮಾಡುವ ಯಂತ್ರಗಳು ಬೇಕು. ಕೈಲಾದವರು ಕೊಡಿ. ಬೇಸಿಗೆ ರಜೆಯಲ್ಲಿ ಹತ್ತು ದಿನ ಇಲ್ಲಿಗೆ ಬಂದು, ಆಸಕ್ತಿ ಇರುವ ಮಕ್ಕಳಿಗೆ ಕೋಡ್ ಓದುವುದನ್ನು ಕನ್ನಡದಲ್ಲೇ ಹೇಳಿಕೊಡುವ ಹೊಣೆ ನನ್ನದು. ದಿನಾಂಕವನ್ನು ಮುಖ್ಯೋಪಾಧ್ಯಾಯರು ನಿಗದಿ ಮಾಡಲಿ.